ಕೈ ಅಲ್ಲೈತೆ, ಟ್ರ್ಯಾಕ್ ಇಲ್ಲೈತೆ

ನಾನು ದಾವಣಗೆರೆಯೋನು, ಬೆಳ್ದಿದ್ದೆಲ್ಲ ನಿಟುವಳ್ಳಿಲಿ, ಈಗ ಹನ್ನೊಂದು ವರ್ಷದಿಂದ ಜರ್ಮನಿಯ ಕಲೋನ್‌ನಲ್ಲಿದೀನಿ, ಕಾರಿನೊಳಗಿರೋ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಬರೆಯೋ ಕೆಲಸ. ಮೊನ್ನೆ ರಜಕ್ಕೆ ಊರಿಗೆ ಬಂದು ಹೋದಾಗಿಂದ ಒಂದು ವಿಷಯ ತಲೇಲಿ ಕೊರೀತಾನೇ ಇದೆ, ಹೇಳ್ಕೊಳ್ದೆ ಇದ್ರೆ ಸಮಾಧಾನ ಇಲ್ಲ.

ಶುರುವಾಗಿದ್ದು ಲ್ಯಾಪ್‌ಟಾಪಿಂದ. ಮೂರು ವರ್ಷದ್ದು, ವಾರಂಟಿ ಮುಗ್ದಿತ್ತು, ಒಂದಿನ ರಾತ್ರಿ ಚಾರ್ಜರ್ ಹಾಕಿದ್ರೆ ಲೈಟೇ ಬರ್ಲಿಲ್ಲ. ಕಲೋನ್‌ನಲ್ಲಿ ಒಂದು ಸರ್ವಿಸ್ ಸೆಂಟರ್‌ಗೆ ಕೊಟ್ಟೆ, ವಾರ ಬಿಟ್ಟು ಮೇಲ್ ಬಂತು, ಮದರ್‌ಬೋರ್ಡ್ ಪೂರ್ತಿ ಬದಲಾಯಿಸ್ಬೇಕು, 640 ಯೂರೋ ಆಗತ್ತೆ ಅಂತ. ಬೋರ್ಡಲ್ಲಿ ಏನು ಹೋಗಿದೆ ಅಂತ ಫೋನ್ ಮಾಡಿ ಕೇಳ್ದೆ. ಅದನ್ನ ನಾವು ನೋಡಲ್ಲ, ಹಾಳಾದ್ರೆ ಬೋರ್ಡೇ ಬದಲಾಯಿಸೋದು ಅಂದ್ರು. ಆ ಮಾತು ನಂಗೆ ತುಂಬಾ ಬೇಜಾರಾಯ್ತು, ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಒಳಗೆ ಏನಾಗಿದೆ ಅಂತ ತಿಳ್ಕೊಳೋ ಆಸೆನೇ ಯಾರಿಗೂ ಇಲ್ವಲ್ಲ ಅನ್ನೋದಕ್ಕೆ.

ಸತ್ತ ಲ್ಯಾಪ್‌ಟಾಪನ್ನೇ ಬ್ಯಾಗಲ್ಲಿ ಹಾಕ್ಕೊಂಡು ಊರಿಗೆ ಬಂದೆ. ನನ್ನ ಹೈಸ್ಕೂಲ್ ದೋಸ್ತ್ ಒಬ್ಬ ಮಂಡಿಪೇಟೆಲಿ ಒಂದು ಮಳಿಗೆಯ ಮೆಟ್ಲ ಕೆಳಗೆ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಕೊಂಡಿದಾನೆ, ಇಬ್ರು ಕೂತ್ರೆ ಮೂರನೆಯವ್ರು ಬಾಗ್ಲಲ್ಲೇ ನಿಲ್ಬೇಕು ಅಷ್ಟಿದೆ. ಖಾರ ಮಂಡಕ್ಕಿ, ಮಿರ್ಚಿ ತರ್ಸಿ ನನ್ ಕೈಗೆ ಕೊಟ್ಟು, ಹಿಂದಿನ ಮುಚ್ಚಳ ಬಿಚ್ದ. ಮಲ್ಟಿಮೀಟರಿನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದನ್ನ ಚಾರ್ಜಿಂಗ್ ಲೈನಿನ ಕಾಯಿಲ್‌ಗೆ ಇಟ್ಟ, ಕುಯ್ ಅಂತು. "ಮೇನ್ ಲೈನ್ ಶಾರ್ಟ್ ಐತೆ ನೋಡ್ಲೇ" ಅಂದ. ಆಮೇಲೆ ಪವರ್ ಸಪ್ಲೈನ ಬರೀ ಒಂದು ವೋಲ್ಟ್‌ಗೆ ಇಳ್ಸಿ ಆ ಲೈನಿಗೆ ಕೊಟ್ಟು, ಬ್ರಶ್ ತಗೊಂಡು ಬೋರ್ಡ್ ಮೇಲೆಲ್ಲ ಸ್ಪಿರಿಟ್ ಹಚ್ದ. ಇಬ್ರೂ ತಲೆ ಬಗ್ಗಿಸ್ಕೊಂಡು ನೋಡ್ತಾ ಕೂತ್ವಿ. ಬೋರ್ಡೆಲ್ಲ ಒದ್ದೆ ಇದ್ದಾಗ್ಲೇ ಒಂದು ಮೂಲೇಲಿ ಮಾತ್ರ ಪಟ್ ಅಂತ ಒಣಗೋಯ್ತು, ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಪಾಸಿಟರ್ರು. ಶಾರ್ಟ್ ಆಗಿರೋ ಪಾರ್ಟ್ ಮೂಲಕಾನೇ ಕರೆಂಟೆಲ್ಲ ಹರಿಯೋದ್ರಿಂದ ಅದು ಮೊದಲು ಬಿಸಿ ಆಗತ್ತೆ, ಅದಕ್ಕೇ ಅಲ್ಲಿ ಸ್ಪಿರಿಟ್ ಮೊದಲು ಆರತ್ತೆ. ಹಾಟ್ ಏರ್ ಹಿಡಿದು ಅದನ್ನ ಎತ್ತಿದ, ಡೆಡ್ ಬೋರ್ಡ್‌ಗಳ ರಾಶಿಯಿಂದ ಅಂಥದ್ದೇ ಇನ್ನೊಂದನ್ನ ಹುಡುಕಿ ಕೂರಿಸ್ದ, ಮಂಡಕ್ಕಿ ಪೊಟ್ಣ ಮುಗಿಯೋದ್ರೊಳಗೆ ಲ್ಯಾಪ್‌ಟಾಪ್ ಆನ್ ಆಗಿತ್ತು. ಬೇರೆಯವ್ರಿಗೆ ಎಷ್ಟು ತಗೊಳ್ತೀಯ ಅಂದೆ, 800 ಅಂದ.

ಪಕ್ಕದಲ್ಲಿ ಸ್ಟೂಲ್ ಮೇಲೆ ಒಬ್ಬ ಪಿಯುಸಿ ಹುಡುಗ ಕೂತಿದ್ದ, ಸಂಜೆ ಕಾಲೇಜ್ ಬಿಟ್ಟ ಮೇಲೆ ಬರ್ತಾನಂತೆ. ಕೇಳೋಕೆ ಮುಂಚೆನೇ ಟ್ವೀಜರ್ ಕೈಗೆ ಕೊಡ್ತಿದ್ದ, ಮುಂದೆ ಏನು ಬೇಕಾಗತ್ತೆ ಅನ್ನೋದು ಆಗ್ಲೇ ಗೊತ್ತು ಅವನಿಗೆ. ಫೀಸಿಲ್ಲ, ಸರ್ಟಿಫಿಕೇಟಿಲ್ಲ. ಜರ್ಮನಿಲಿ ಕಾರ್ ಮೆಕ್ಯಾನಿಕ್ ಆಗ್ಬೇಕಂದ್ರೆ ಮೂರೂವರೆ ವರ್ಷ ಅಪ್ರೆಂಟಿಸ್, ವರ್ಕ್‌ಶಾಪಲ್ಲಿ ಕೆಲಸ, ಜೊತೆಗೆ ಸ್ಕೂಲು, ಕೊನೆಗೆ ಪರೀಕ್ಷೆ, ಆ ಪೇಪರ್ ಇದ್ರೆ ಸಮಾಜದಲ್ಲಿ ಮರ್ಯಾದೆ, ಬ್ಯಾಂಕಲ್ಲಿ ಸಾಲ ಎಲ್ಲಾ ಸಿಗತ್ತೆ. ನನ್ ದೋಸ್ತ್‌ಗೆ ಇಪ್ಪತ್ತು ವರ್ಷದ ಅನುಭವ ಇದೆ, ಅಂಗಡಿ ದೊಡ್ಡದು ಮಾಡೋಕೆ ಸಾಲ ಕೇಳಿದ್ರೆ ತೋರ್ಸೋಕೆ ಒಂದು ಹಾಳೆ ಇಲ್ಲ. ಈ ವಿಷಯದಲ್ಲಿ ನಾವು ಅವ್ರನ್ನ ನೋಡಿ ಕಲೀಲೇಬೇಕು.

ಅವನು ಈ ಕೆಲಸಕ್ಕೆ ಬಂದಿದ್ದು ಹೇಗೆ ಅನ್ನೋದನ್ನೂ ಹೇಳ್ಬೇಕು. ಅವನ ಮೊದಲ ಪ್ರೀತಿ ಯಮಹಾ ಬೈಕು, ಆರ್‌ಎಕ್ಸ್ 100. 98 ಸಿಸಿ, 11 ಹಾರ್ಸ್‌ಪವರ್, 1996ಕ್ಕೇ ನಿಂತೋದ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡು ಬ್ಲಾಕ್ ಬಿಚ್ಚಿ ಪೋರ್ಟ್‌ಗಳನ್ನ ತಾನೇ ಉಜ್ಜಿ, ಸೈಲೆನ್ಸರ್ ಸುಟ್ಟು ಕಾರ್ಬನ್ ತೆಗೆದು, ಪ್ಲಗ್ ಬಣ್ಣ ನೋಡಿ ಕಾರ್ಬ್ಯುರೇಟರಿನ ಜೆಟ್ ಸೆಟ್ ಮಾಡ್ತಿದ್ದ, ಆಗ ಅವನಿಗೆ ಹತ್ತೊಂಬತ್ತು ವರ್ಷ. ನಾವೆಲ್ಲ ಭಾನುವಾರ ಸಾಯಂಕಾಲ ಅವ್ರ ಮನೇಲೇ ಟಿವಿ ಮುಂದೆ ಕೂತು ಫಾರ್ಮುಲಾ ಒನ್ ಕಾರ್ ರೇಸ್ ನೋಡ್ತಿದ್ವಿ, 2000ದಿಂದ 2004ರವರೆಗೆ ಜರ್ಮನಿಯ ಮೈಕೆಲ್ ಶೂಮಾಕರ್ ಬಿಟ್ರೆ ಯಾರೂ ಚಾಂಪಿಯನ್ ಆಗ್ಲಿಲ್ಲ, ಕರೆಂಟ್ ಹೋದ್ರೆ ಯಾರು ಗೆದ್ರು ಅಂತ ಗೊತ್ತಾಗ್ತಿದ್ದಿದ್ದು ಮಾರ್ನೇ ದಿನದ ಪೇಪರಲ್ಲಿ. ರೇಸ್ ಮುಗಿದ ಮೇಲೆ ಮೈಯೆಲ್ಲ ಬಿಸಿ, ಗಾಡಿ ಓಡಿಸ್ಬೇಕು. ಎಲ್ಲಿ ಓಡಿಸೋದು? ಬಾತಿ ಕಡೆ ಹೈವೇ. ಅಲ್ಲೇ ಒಂದು ರಾತ್ರಿ ಲೈಟಿಲ್ದ ಟ್ರ್ಯಾಕ್ಟರ್ ಟ್ರೈಲರ್‌ಗೆ ಹೋಗಿ ಹೊಡೆದ. ತೊಡೆ ಮೂಳೆ ಎರಡು ಕಡೆ ಮುರ್ದಿತ್ತು, ರಾಡ್ ಹಾಕಿದ್ರು, ಏಳು ತಿಂಗಳು ಹಾಸ್ಗೆ. ಗ್ಯಾರೇಜಲ್ಲಿ ಇಡೀ ದಿನ ನಿಲ್ಲೋಕೆ ಆಗ್ತಿರ್ಲಿಲ್ಲ, ಕೂತು ಮಾಡೋ ಕೆಲಸ ಬೇಕಿತ್ತು, ಅದಕ್ಕೇ ಸೋಲ್ಡರಿಂಗ್ ಐರನ್ ಹಿಡ್ದ. ಅವತ್ತು ಅವನ ಹಿಂದೆ ಇನ್ನೊಂದು ಗಾಡೀಲಿ ನಾನಿದ್ದೆ. ಇವತ್ತಿಗೂ ಆ ರಸ್ತೇಲಿ ಹೋಗುವಾಗ ನಾನು ಮಾತಾಡಲ್ಲ.

ಈಗ ಕಲೋನ್ ಕಥೆ. ನಮ್ಮನೆಯಿಂದ ಒಂದು ಗಂಟೆ ಡ್ರೈವ್ ಮಾಡಿದ್ರೆ ಐಫೆಲ್ ಗುಡ್ಡಗಳಲ್ಲಿ ನ್ಯೂರ್ಬರ್ಗ್‌ರಿಂಗ್ ಸಿಗತ್ತೆ. 1927ರಲ್ಲಿ ಶುರುವಾದ ಟ್ರ್ಯಾಕು, ಅದರ ನಾರ್ಡ್‌ಶ್ಲೈಫೆ ಅನ್ನೋ ಭಾಗ 20.8 ಕಿಲೋಮೀಟರ್, ಎಪ್ಪತ್ತಕ್ಕೂ ಹೆಚ್ಚು ತಿರುವು, ಫಾರ್ಮುಲಾ ಒನ್ ಚಾಂಪಿಯನ್ ನಿಕಿ ಲೌಡಾ 1976ರಲ್ಲಿ ಕಾರಿಗೆ ಬೆಂಕಿ ಹತ್ತಿ ಸುಟ್ಟುಕೊಂಡಿದ್ದು ಇಲ್ಲೇ. ಇಲ್ಲಿ ಸಾಮಾನ್ಯ ಜನ ತಮ್ಮ ಸ್ವಂತ ಗಾಡಿ ತಂದು, ಟೋಲ್ ಥರ ದುಡ್ಡು ಕಟ್ಟಿ, ಒಂದು ರೌಂಡ್ ಓಡಿಸ್ಬಹುದು. ಎದುರಿಗೆ ಗಾಡಿ ಬರಲ್ಲ, ಒನ್ ವೇ. ಎಡಗಡೆಯಿಂದ ಮಾತ್ರ ಓವರ್‌ಟೇಕ್, ಟೈಮಿಂಗ್ ಇಟ್ಟು ರೇಸ್ ಮಾಡೋ ಹಾಗಿಲ್ಲ, ಗಾರ್ಡ್‌ರೇಲ್ ಮುರಿದ್ರೆ ಅದರ ದುಡ್ಡು ನೀವೇ ಕಟ್ಬೇಕು. ಮೊದಲ ಸಲ ಹೋದಾಗ ಪಾರ್ಕಿಂಗಲ್ಲಿ ಒಬ್ಬ ಅಪ್ಪ, ಹದಿನೆಂಟರ ಮಗಳು, ಹಳೇ ಸಣ್ಣ ಕಾರು. ಮಗಳು ಮಂಡಿಯೂರಿ, ಬೋಲ್ಟ್ ಎಷ್ಟು ಬಿಗಿ ಇದೆ ಅಂತ ಅಳೆಯೋ ಟಾರ್ಕ್ ರೆಂಚಲ್ಲಿ ಒಂದೊಂದೇ ವೀಲ್ ಬೋಲ್ಟ್ ಚೆಕ್ ಮಾಡ್ತಿದ್ಲು, ಟಕ್ ಅಂತ ಸದ್ದು ಬಂದಾಗ್ಲೆಲ್ಲ ಅಪ್ಪ ಲೆಕ್ಕ ಹೇಳ್ತಿದ್ರು. ಅದನ್ನ ನೋಡ್ತಾ ನಂಗೆ ನನ್ ದೋಸ್ತ್ ನೆನಪಾಗಿ ಕಣ್ಣು ತುಂಬಿ ಬಂತು. ಹತ್ತೊಂಬತ್ತನೇ ವಯಸ್ಸಲ್ಲಿ ಅವನಿಗೂ ಇಂಥದ್ದೊಂದು ಜಾಗ ಇದ್ದಿದ್ರೆ ಅಂತ.

ನಿಯಮ ಅಂದ್ರೆ ಮೊದಮೊದಲು ನಂಗೂ ಸಿಟ್ಟು ಬರ್ತಿತ್ತು. ಎರಡು ವರ್ಷಕ್ಕೊಂದು ಸಲ ಗಾಡಿ ಇನ್‌ಸ್ಪೆಕ್ಷನ್‌ಗೆ ಹೋಗ್ಬೇಕು, ಟ್ಯೂಫ್ ಅಂತಾರೆ ಜನ. ನನ್ ಬೈಕಿಗೆ ಸ್ಟೀಲ್ ಬ್ರೇಕ್ ಲೈನ್ ಹಾಕಿದ್ದೆ, ಆ ಪಾರ್ಟಿಗೆ ಅಪ್ರೂವಲ್ ಇದೆ ಅನ್ನೋ ಪೇಪರ್ ತೋರ್ಸಿ ಅಂದ್ರು ಇನ್‌ಸ್ಪೆಕ್ಟರ್ರು, ನನ್ ಹತ್ರ ಇರ್ಲಿಲ್ಲ, ಫೇಲ್. ಬ್ರೇಕ್ ಮುಂಚೆಗಿಂತ ಚೆನ್ನಾಗಿದೆ ಸಾರ್ ಅಂದೆ. ಇರ್ಬಹುದು, ಪಕ್ಕದಲ್ಲಿ ಹೋಗೋನಿಗೆ ಅದು ಗೊತ್ತಾಗೋದು ಹೇಗೆ ಅಂತ ಕೇಳಿದ್ರು. ನಾರ್ಡ್‌ಶ್ಲೈಫೆಲಿ ನನ್ನ ಪಕ್ಕದಲ್ಲೇ ಒಂದು ಕಾರು 200ರ ಮೇಲೆ ಹೋದಾಗ ಆ ಮಾತು ಸರಿಯಾಗಿ ಅರ್ಥ ಆಯ್ತು.

ಹಾಗಂತ ನ್ಯೂರ್ಬರ್ಗ್‌ರಿಂಗ್ ತಂದು ದಾವಣಗೆರೆಲಿ ಕಟ್ಟಿ ಅಂತ ನಾನು ಹೇಳ್ತಿಲ್ಲ, ನಂಗೆ ಬೇಕಿರೋದು ಅದಕ್ಕಿಂತ ಎಷ್ಟೋ ಸಣ್ಣದು. ನನ್ ಮಗಳಿಗೆ ಒಂಬತ್ತು ವರ್ಷ, ಭಾನುವಾರ ಪುಟ್ಟ ರೇಸ್ ಗಾಡೀನ ಕೋನ್‌ಗಳ ನಡುವೆ ಓಡಿಸೋ ಕಾರ್ಟ್ ಸ್ಲಾಲಮ್‌ಗೆ ಹೋಗ್ತಾಳೆ. ಎಡಿಎಸಿ ಅಂತ ವಾಹನ ಓಡಿಸೋರ ಸಂಘ, 1903ರದ್ದು, ಎರಡು ಕೋಟಿಗೂ ಮೇಲೆ ಸದಸ್ಯರು, ಅದರ ಊರೂರಿನ ಕ್ಲಬ್‌ಗಳು ಇದನ್ನ ನಡೆಸ್ತವೆ. ಟ್ರ್ಯಾಕೇ ಬೇಕಿಲ್ಲ. ಜರ್ಮನಿಲಿ ಭಾನುವಾರ ಅಂಗಡಿ ಮುಚ್ಚಿರತ್ತೆ, ಪಾರ್ಕಿಂಗ್ ಜಾಗ ಖಾಲಿ, ಅಲ್ಲಿ ಕೋನ್ ಇಟ್ಟು ದಾರಿ ಮಾಡ್ತಾರೆ. ಕ್ಲಬ್‌ದೇ ಕಾರ್ಟು, ಎಲ್ಲಾ ಮಕ್ಕಳಿಗೂ ಒಂದೇ. ಅದರ ಎಂಜಿನ್ ನಮ್ಮ ಕಡೆ ಪೆಟ್ರೋಲ್ ಪಂಪ್‌ಸೆಟ್ಟಲ್ಲಿ ಇರತ್ತಲ್ಲ, ಅಂಥದ್ದೇ ಸಣ್ಣ ಫೋರ್ ಸ್ಟ್ರೋಕು. ಒಬ್ಬರಾದ ಮೇಲೆ ಒಬ್ರು ಓಡಿಸ್ತಾರೆ, ಕೋನ್ ಬಿದ್ರೆ ಸೆಕೆಂಡ್ ಸೇರ್ಸ್ತಾರೆ, ಬಿದ್ದ ಕೋನ್ ಎತ್ತಿಡೋರು ನಾವು ಅಪ್ಪ ಅಮ್ಮಂದ್ರು. ಬರೀ ಸ್ಪೀಡ್ ಇದ್ರೆ ಗೆಲ್ಲೋಕಾಗಲ್ಲ ಅಂತ ಮಗೂಗೆ ಮೊದಲನೇ ದಿನವೇ ಗೊತ್ತಾಗೋಗತ್ತೆ, ಬ್ರೇಕ್ ಎಲ್ಲಿ ಹಿಡೀಬೇಕು ಅನ್ನೋದೇ ಪಾಠ. ನಮ್ಮನೆಯಿಂದ ಅರ್ಧ ಗಂಟೆ ದೂರದ ಕೆರ್ಪೆನ್‌ನಲ್ಲಿ ಶೂಮಾಕರ್ ಶುರು ಮಾಡಿದ್ದೂ ಕಾರ್ಟಿಂದಾನೇ. ಅವ್ರಪ್ಪ ಗಾರೆ ಕೆಲಸದವ್ರು, ಮಗನಿಗೆ ನಾಲ್ಕು ವರ್ಷ ಇದ್ದಾಗ ಪೆಡಲ್ ಕಾರ್ಟಿಗೆ ಒಂದು ಸಣ್ಣ ಎಂಜಿನ್ ಕೂರಿಸಿ ಕೊಟ್ಟಿದ್ರು.

ನಮ್ಮಲ್ಲಿ ಏನು ಕಮ್ಮಿ ಇದೆ ಹೇಳಿ. 2024ರ ಜೂನ್‌ನಲ್ಲಿ ಇಸ್ರೋದ ಪುಷ್ಪಕ್, ಮತ್ತೆ ಮತ್ತೆ ಬಳಸೋಕಂತ ಮಾಡ್ತಿರೋ ರೆಕ್ಕೆಯ ರಾಕೆಟ್ಟು, ನಮ್ಮ ಪಕ್ಕದ ಚಳ್ಳಕೆರೆಲಿ ಗಂಟೆಗೆ 320 ಕಿಲೋಮೀಟರ್‌ಗೂ ಮೇಲಿನ ಸ್ಪೀಡಲ್ಲಿ ಬಂದು, ಪೈಲಟ್ಟೇ ಇಲ್ದೆ ರನ್‌ವೇ ಮೇಲೆ ಇಳೀತು. ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿ ದಾಟೋ ಡಕಾರ್ ರ್‍ಯಾಲಿಲಿ 36ನೇ ಸ್ಥಾನದಲ್ಲಿ ಮುಗಿಸಿ ಬಂದ್ರು, ಡಕಾರ್ ಮುಗಿಸಿದ ಮೊದಲ ಭಾರತೀಯ. ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿಂದ ಹೊರಟು 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ್ರು, ಆ ಊರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕ್ ಇದೆ, ರೇಸ್ ಕಾರ್ ಕಟ್ಟೋ ಜನ ಇದಾರೆ. ಕೊಯಮತ್ತೂರೂ ನಮ್ಮ ಹಾಗೆ ಹತ್ತಿ ಮಿಲ್ಲಿನ ಊರೇ. ಮಿಲ್ಲಿದ್ದ ಊರಲ್ಲಿ ಲೇತ್ ಗೊತ್ತಿರೋರು, ವೆಲ್ಡಿಂಗ್ ಗೊತ್ತಿರೋರು, ಮೋಟಾರ್ ಸುತ್ತೋರು ಬೀದಿಗೊಬ್ರು ಇರ್ತಾರೆ, ದಾವಣಗೆರೆಲೂ ಇದಾರೆ.

ಯೂರೋಪಿನೋರೂ ಈಗ ರಿಪೇರಿ ವಿಷಯದಲ್ಲಿ ಕಣ್ಣು ಬಿಡ್ತಿದಾರೆ. 2024ರ ಡಿಸೆಂಬರ್‌ನಿಂದ ಹೊಸ ಫೋನಿಗೆಲ್ಲ ಒಂದೇ ಥರದ ಯುಎಸ್‌ಬಿ ಸಿ ಚಾರ್ಜಿಂಗ್, 2027ರಿಂದ ಬ್ಯಾಟರಿನ ಬಳಸೋರೇ ಬಿಚ್ಚಿ ಹಾಕೋ ಹಾಗಿರ್ಬೇಕು ಅಂತ ಕಾನೂನು. ರಿಪೇರಿ ಕೆಫೆ ಅಂತ ಮಾಡಿ, ಹಾಳಾದ ಸಾಮಾನು ತಂದು ಒಟ್ಟಿಗೆ ಸರಿ ಮಾಡೋಕೆ ಜನ ತಿಂಗಳಿಗೊಮ್ಮೆ ಸೇರ್ತಾರೆ. ನಾನೂ ಹೋಗ್ತೀನಿ, ಮಿಕ್ಸಿ, ರೇಡಿಯೋ ಎಲ್ಲ ಬಿಚ್ಚಿ ರಿಪೇರಿ ಮಾಡಿ ಕೊಡ್ತೀನಿ, ಅಲ್ಲಿನ ಅಜ್ಜಂದ್ರು ಇದನ್ನೆಲ್ಲ ಎಲ್ಲಿ ಕಲ್ತೆ ಅಂತ ಕೇಳಿದಾಗ ದಾವಣಗೆರೆ ಅಂತ ಹೇಳೋಕೆ ನಂಗೆ ತುಂಬಾ ಹೆಮ್ಮೆ.

ಅವ್ರು ನಮ್ಮ ಕೈ ಕೆಲಸನ ಕಾನೂನು ಮಾಡಿ ಕಲೀತಿದಾರೆ, ಅವ್ರ ಆ ಪಾರ್ಕಿಂಗ್ ಜಾಗದ ಐಡಿಯಾನ ನಾವು ಯಾಕೆ ತಗೋಬಾರ್ದು? ರಜೆ ದಿನ ಎಪಿಎಂಸಿ ಯಾರ್ಡ್ ಖಾಲಿ ಬಿದ್ದಿರತ್ತೆ, ಇಲ್ಲಾಂದ್ರೆ ಹೈಸ್ಕೂಲ್ ಮೈದಾನದ ಒಂದು ಮೂಲೆ ಸಾಕು. ಐವತ್ತು ಕೋನು, ಹುಲ್ಲಿನ ಪೆಂಡಿ, ಎರಡು ಕಾರ್ಟು, ಹೆಲ್ಮೆಟ್ಟು, ಒಂದು ಆಂಬುಲೆನ್ಸು, ಪರ್ಮಿಷನ್ನು. ದೊಡ್ಡ ಟ್ರ್ಯಾಕಿಗೆ ಹೋಗ್ಬೇಕಂದ್ರೆ ನಮ್ಮ ಹುಡುಗ್ರು ತಮಿಳುನಾಡಿನಂಥ ದೂರದ ಕಡೆಗೆ ಹೋಗ್ಬೇಕು, ಅದು ಎಲ್ಲರ ಕೈಲೂ ಆಗಲ್ಲ, ಇನ್ನು ಉಳಿಯೋದು ಹೈವೇ ಒಂದೇ. ಹೈವೇಲಿ ಗಾಡಿ ಎಬ್ಬಿಸೋ ಹುಡುಗನಿಗೆ ಪೊಲೀಸ್ರು ದಂಡ ಹಾಕ್ಲಿ, ಅದರಲ್ಲಿ ತಪ್ಪಿಲ್ಲ, ಆದ್ರೆ ಎಲ್ಲಿ ಓಡಿಸ್ಲಿ ಅಂತ ಅವನು ಕೇಳಿದ್ರೆ ನಮ್ಮ ಹತ್ರ ಒಂದು ಉತ್ತರ ಇರ್ಬೇಕಲ್ವಾ.

ಇದನ್ನೆಲ್ಲ ದೋಸ್ತ್‌ಗೆ ಆ ಮೆಟ್ಲ ಕೆಳಗಿನ ಅಂಗಡೀಲಿ ಕೂತು ಹೇಳಿ, ಮಗಳ ಕಾರ್ಟ್ ವಿಡಿಯೋ ತೋರ್ಸಿದೆ. ಏನೂ ಮಾತಾಡ್ಲಿಲ್ಲ, ಎರಡು ಸಲ ನೋಡಿ, ಚೈನ್ ಎಲ್ಲಿ ಬರತ್ತೆ ತೋರ್ಸು ಅಂತ ಮಾತ್ರ ಕೇಳ್ದ. ನಾನು ಕಲೋನ್‌ಗೆ ವಾಪಸ್ ಬಂದು ಮೂರು ವಾರಕ್ಕೆ ಒಂದು ಫೋಟೋ ಕಳ್ಸಿದಾನೆ, ಗ್ಯಾರೇಜ್ ನೆಲದ ಮೇಲೆ ಪೈಪ್ ಬಗ್ಗಿಸಿ ವೆಲ್ಡ್ ಮಾಡಿದ ಒಂದು ಚಾಸಿಸ್ಸು, ಪಕ್ಕದಲ್ಲಿ ಪಂಪ್‌ಸೆಟ್ ಎಂಜಿನ್ನು, ಹಿಂದೆ ನಿಂತಿರೋನು ಆ ಪಿಯುಸಿ ಹುಡುಗ. ಡಿಸೆಂಬರ್‌ಗೆ ಬರುವಾಗ ಒಂದು ಒಳ್ಳೇ ಹೆಲ್ಮೆಟ್ ತರ್ತೀನಿ ಅಂತ ಮೆಸೇಜ್ ಹಾಕಿದೆ. "ಒಂದು ಸಾಕಾಗಲ್ಲ, ನಾಲ್ಕು ತಗೊಂಬಾ, ಸಣ್ಣ ಸೈಜು" ಅಂತ ಬರ್ದಿದಾನೆ.