ಸೇವೆಯಲ್ಲಿದ್ದಾಗ ಬಂದ ಕಾಯಿಲೆಗೆಲ್ಲ ಸೇನೆಯೇ ಹೊಣೆಯೇ?

ಗುಂಡು ತಗುಲಿ ಕಾಲು ಕಳೆದುಕೊಂಡ ಯೋಧನಿಗೆ ಪಿಂಚಣಿ ಕೊಡಬೇಕೇ ಎಂದು ಯಾರೂ ಕೇಳುವುದಿಲ್ಲ. ತಕರಾರು ಇರುವುದು ಬಿಪಿ, ಶುಗರ್, ಕಿವಿ, ಬೆನ್ನು, ಮಾನಸಿಕ ಕಾಯಿಲೆಗಳ ವಿಚಾರದಲ್ಲಿ. ಸೇನೆಗೆ ಸೇರುವಾಗ ಇಲ್ಲದೆ, ಬಿಡುವಾಗ ಇರುವ ಕಾಯಿಲೆಯನ್ನು ಸೇವೆಯಿಂದಲೇ ಬಂದದ್ದೆಂದು ಒಪ್ಪಿ ಅಂಗವೈಕಲ್ಯ ಪಿಂಚಣಿ ಕೊಡಬೇಕೇ? ಮಂಡ್ಯದ ನಿವೃತ್ತ ಶಿಕ್ಷಕರೊಬ್ಬರು ಹೌದೆನ್ನುತ್ತಾರೆ. ಮೈಸೂರಿನ ವೈದ್ಯರೊಬ್ಬರು ಒಪ್ಪುವುದಿಲ್ಲ.

ಪರ: ಅನುಮಾನವಿದ್ದರೆ ಅದರ ಲಾಭ ಯೋಧನಿಗೇ ಸಿಗಲಿ

ನಮ್ಮ ಕಡೆಯ ಹುಡುಗ ಸೇನಾ ನೇಮಕಾತಿ ರ‍್ಯಾಲಿಗೆ ಹೋದರೆ ಮೊದಲು 1.6 ಕಿಲೋಮೀಟರ್ ಓಡಿಸುತ್ತಾರೆ. ಆಮೇಲೆ ಎದೆ ಅಳೆಯುತ್ತಾರೆ. ಉಸಿರೆಳೆದಾಗ 5 ಸೆಂಟಿಮೀಟರ್ ಹಿಗ್ಗದಿದ್ದರೆ ಮನೆಗೆ ಕಳಿಸುತ್ತಾರೆ. ಕಣ್ಣು, ಕಿವಿ, ಹಲ್ಲು, ಪಾದ ಚಪ್ಪಟೆಯೇ, ನಿಂತಾಗ ಮಂಡಿಗೆ ಮಂಡಿ ತಾಗುತ್ತದೆಯೇ ಎಂಬುದನ್ನೂ ಬಿಡದೆ ನೋಡುತ್ತಾರೆ. ಹೀಗೆ ಜರಡಿ ಹಿಡಿದು ಆರಿಸಿಕೊಂಡ ದೇಹವನ್ನು, 2022ಕ್ಕೆ ಮೊದಲು ಸೇರಿದವನಾದರೆ, ಹದಿನೈದು, ಹದಿನೇಳು ವರ್ಷ ದುಡಿಸಿಕೊಳ್ಳುತ್ತಾರೆ. ಬಿಡುಗಡೆಯ ಹೊತ್ತಿಗೆ ವೈದ್ಯಕೀಯ ಮಂಡಳಿ ಮಾತ್ರ, ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತದೆ. ಹಾಗಾದರೆ ಎಲ್ಲಿಂದ ಬಂತು? ಹುಟ್ಟುಗುಣ ಎನ್ನುವುದಾದರೆ, ಅಷ್ಟು ಕೂಲಂಕಷವಾಗಿ ತಪಾಸಣೆ ಮಾಡಿದವರ ಕಣ್ಣಿಗೆ ಅಂದು ಏಕೆ ಬೀಳಲಿಲ್ಲ?

ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ಯೋಧನಿಗೆ ಇದ್ದದ್ದು ಮೂರ್ಛೆರೋಗ. ಸೇರುವಾಗ ದಾಖಲೆಯಲ್ಲಿ ರೋಗದ ಉಲ್ಲೇಖ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸರ್ಕಾರದ್ದು, ಅನುಮಾನದ ಲಾಭ ಯೋಧನದ್ದು ಎಂದು ನ್ಯಾಯಾಲಯ ಹೇಳಿತು. 1982ರ ಪಿಂಚಣಿ ಅರ್ಹತಾ ನಿಯಮಗಳಲ್ಲೇ ಇದ್ದ ಮಾತು ಇದು. 2008ರ ನಿಯಮಗಳು ಅದನ್ನು ಸಡಿಲಿಸಿದವು, 2023ರಲ್ಲಿ ಹೊಸ ನಿಯಮಗಳು ಬಂದವು. ಆದರೂ 2025ರಲ್ಲಿ ದೆಹಲಿ ಹೈಕೋರ್ಟ್, ಕಾಯಿಲೆ ಬಂದಾಗ ಯೋಧ ಗಡಿಯಲ್ಲಿರಲಿಲ್ಲ, ಶಾಂತ ಪ್ರದೇಶದಲ್ಲಿದ್ದ ಎಂಬಷ್ಟಕ್ಕೇ ಪಿಂಚಣಿ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷ ಮನೋರೋಗದ ಕಾರಣಕ್ಕೆ ಹೊರಬಿದ್ದಿದ್ದ ಯೋಧನೊಬ್ಬನ ಪ್ರಕರಣದಲ್ಲಿ, ಕಾರಣ ಕೊಡದ ವೈದ್ಯಕೀಯ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ನಾನು ಸೇನೆಯಲ್ಲಿದ್ದವನಲ್ಲ. ನಿವೃತ್ತಿಯ ನಂತರ ಊರಿನ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತೇನೆ, ಅಷ್ಟೆ. ಹಾಗೆ ಬಂದವರಲ್ಲಿ ಪಾಂಡವಪುರ ಕಡೆಯ ಒಬ್ಬರು ಫಿರಂಗಿ ದಳದಲ್ಲಿ ಹವಾಲ್ದಾರರಾಗಿದ್ದವರು. ಮಾತನಾಡುವಾಗ ಎಡ ಭುಜವನ್ನು ಮುಂದೆ ತಂದು ಕೂರುತ್ತಾರೆ, ಕೇಳಿಸುವುದು ಆ ಕಿವಿ ಮಾತ್ರ. 'ಅವರಿಗೆ ಗಂಡಸರ ಮಾತು ಕೇಳಿಸುತ್ತದೆ ಮೇಷ್ಟ್ರೇ, ನನ್ನ ಮಾತು, ಮೊಮ್ಮಕ್ಕಳ ಮಾತು ಕೇಳಿಸುವುದಿಲ್ಲ' ಎಂದರು ಅವರ ಹೆಂಡತಿ. ಅದು ಸಂಸಾರದ ಹಳೆಯ ದೂರಿರಬೇಕು ಎಂದು ನಾವೆಲ್ಲ ನಕ್ಕೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ಕೊಟ್ಟ ನಕ್ಷೆ ನೋಡಿದರೆ ಆಕೆ ಹೇಳಿದ್ದು ಅಕ್ಷರಶಃ ನಿಜ. ಗೆರೆ ಸಮವಾಗಿ ಬಂದು 4,000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಂತೆ ಇಳಿದು, ಮುಂದೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನಿಂದ ಕಿವಿ ಮಂದವಾದರೆ ಗೆರೆ ಇಳಿಯುತ್ತಲೇ ಹೋಗುತ್ತದೆ, ಮತ್ತೆ ಏಳುವುದಿಲ್ಲ. ಈ ಗುಂಡಿ ಭಾರೀ ಸದ್ದಿನ ಗುರುತು. ಇಷ್ಟಿದ್ದೂ ಅವರ ಬಿಡುಗಡೆ ಪತ್ರದಲ್ಲಿ ಇರುವುದು ಸೇವೆಗೆ ಸಂಬಂಧವಿಲ್ಲ ಎಂಬ ಅದೇ ಸಾಲು.

ಕಿವಿಗಾದರೂ ಇಂಥ ಗುರುತಿದೆ. ರಕ್ತದೊತ್ತಡಕ್ಕೆ, ನಿದ್ದೆಗೆಟ್ಟ ಮನಸ್ಸಿಗೆ ಏನು ಗುರುತು ತೋರಿಸುವುದು? ಯಾವ ಠಾಣೆಯಲ್ಲಿದ್ದ, ಎಷ್ಟು ರಾತ್ರಿ ಕಾವಲು ಕಾದ, ಯಾವ ಆಸ್ಪತ್ರೆಗೆ ಹೋದ ಎಂಬ ಕಾಗದವೆಲ್ಲ ಇರುವುದು ಸೇನೆಯ ಕೈಯಲ್ಲಿ. ಕಾಗದ ಇಟ್ಟುಕೊಂಡವರನ್ನು ಬಿಟ್ಟು ಬರಿಗೈಯಲ್ಲಿ ಊರಿಗೆ ಬಂದವನನ್ನು ಸಾಕ್ಷಿ ತಾ ಎನ್ನುವುದು ಯಾವ ನ್ಯಾಯ?

ಮೊತ್ತವಾದರೂ ಎಷ್ಟು? ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಶೇ 20 ವೈಕಲ್ಯವನ್ನು ಶೇ 50ಕ್ಕೆ ಏರಿಸಿ ಲೆಕ್ಕ ಹಾಕಿದರೂ, 50,000 ರೂಪಾಯಿ ವೇತನವಿದ್ದವನಿಗೆ ತಿಂಗಳಿಗೆ 7,500. ಈ ಏರಿಕೆಯ ಸೌಲಭ್ಯವೂ ಅವಧಿ ಮುಗಿಸಿ ನಿವೃತ್ತರಾದವರಿಗೆ ಸುಲಭವಾಗಿ ಸಿಗಲಿಲ್ಲ, ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪು ಬರಬೇಕಾಯಿತು. ಯೋಧರು ಗೆದ್ದ ಇಂಥ ಪ್ರಕರಣಗಳಲ್ಲಿ ಸರ್ಕಾರ ಹೂಡಿದ ಮೇಲ್ಮನವಿಗಳನ್ನು ಹಿಂತೆಗೆದುಕೊಳ್ಳಿ ಎಂದು 2015ರಲ್ಲಿ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ನೇಮಿಸಿದ್ದ ತಜ್ಞರ ಸಮಿತಿಯೇ ಹೇಳಿತ್ತು. ಸರ್ಕಾರ ಇಂದಿಗೂ ಗೆದ್ದ ಯೋಧನ ಹಿಂದೆ ಮೇಲಿನ ಕೋರ್ಟಿಗೆ ಓಡುತ್ತಿದೆ. ಇಂಥ ದೂರು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯಂ ಪೀಠ ಕರ್ನಾಟಕದಲ್ಲಿ ಇಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಪುಲ್ವಾಮಾದಲ್ಲಿ ಮಡಿದ ಗುಡಿಗೆರೆಯ ಯೋಧನ ಅಂತ್ಯಕ್ರಿಯೆಗೆ 2019ರಲ್ಲಿ ನಮ್ಮ ಜಿಲ್ಲೆಯೇ ಹರಿದು ಬಂದಿತ್ತು. ಬಂದದ್ದು ಸರಿ, ನಾನೂ ಹೋಗಿದ್ದೆ. ಜೀವಂತ ಮರಳಿದವನು ಪಿಂಚಣಿ ಕಾಗದ ಹಿಡಿದು ನಿಂತರೆ ಅದೇ ಜನ ಅವನಿಗೆ ಕ್ಯಾಂಟೀನ್ ಸಾಮಾನಿದೆಯಲ್ಲ, ಇನ್ನೇನು ಬೇಕು ಎನ್ನುತ್ತಾರೆ.

ವಿರೋಧ: ಕಾಯಿಲೆಗೆ ಚಿಕಿತ್ಸೆ ಕೊಡಿ, ಊಹೆಗೆ ಪಿಂಚಣಿ ಬೇಡ

ಹವಾಲ್ದಾರರ ಕಿವಿಯ ಬಗ್ಗೆ ನನ್ನದೂ ತಕರಾರಿಲ್ಲ. ಅವರ ಅರ್ಜಿ ತಳ್ಳಿಹಾಕಿದ ಮಂಡಳಿ ಆ ನಕ್ಷೆಯನ್ನು ಸರಿಯಾಗಿ ನೋಡಿಲ್ಲ. ಆದರೆ ಮೇಷ್ಟ್ರು ಗುರುತು ಇರುವ ಕಾಯಿಲೆಯನ್ನು ತೋರಿಸಿ, ಗುರುತಿಲ್ಲದ ಕಾಯಿಲೆಗಳನ್ನೂ ಅದರ ಬೆನ್ನಿಗೆ ಕಟ್ಟಿ ಒಳಗೆ ಕಳಿಸುತ್ತಿದ್ದಾರೆ.

ನಾನು ವೈದ್ಯ. ನನ್ನ ಬಳಿ ಬರುವ ಶುಗರ್ ರೋಗಿಗಳಲ್ಲಿ ಅಗ್ರಹಾರದ ಅಡುಗೆಯವರಿದ್ದಾರೆ, ಸಾರಿಗೆ ಸಂಸ್ಥೆಯ ಚಾಲಕರಿದ್ದಾರೆ, ನಂಜನಗೂಡಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ, ಎತ್ತಿನಗಾಡಿ ಬಿಟ್ಟು ಟ್ರ್ಯಾಕ್ಟರ್ ಹತ್ತಿದ ರೈತರಿದ್ದಾರೆ. ಇಪ್ಪತ್ತರ ಹುಡುಗನ ರಕ್ತ ಪರೀಕ್ಷೆ ಸರಿಯಿತ್ತು, ನಲವತ್ತಕ್ಕೆ ಸಕ್ಕರೆ ಏರಿದೆ ಎಂದರೆ ಆ ನಡುವಿನ ಇಪ್ಪತ್ತು ವರ್ಷ ಅವನು ಮಾಡಿದ ಕೆಲಸವೇ ಕಾರಣ ಎಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ಸೇರುವಾಗಿನ ತಪಾಸಣೆ ಅಂದಿನ ಸ್ಥಿತಿಯನ್ನು ಹೇಳುತ್ತದೆ. ತಂದೆಯಿಂದ ಬಂದು ನಲವತ್ತರಲ್ಲಿ ತಲೆಯೆತ್ತುವ ರೋಗವನ್ನು ಯಾವ ರ‍್ಯಾಲಿಯಲ್ಲೂ ಹಿಡಿಯಲಾಗದು. ಒತ್ತಡ, ನಿದ್ದೆಗೇಡು ಕಾರಣವಾಗಬಹುದು, ನಿಜ. ಮೈಸೂರು-ಬೆಂಗಳೂರು ನಡುವೆ ಬಸ್ ಓಡಿಸುವವನಿಗೂ ಅವೆರಡೂ ಇವೆ. ಅವನ ಬೆನ್ನುಮೂಳೆ ಸವೆದರೆ ಸೇವೆಯಿಂದಲೇ ಬಂತೆಂದು ಊಹಿಸುವ ನಿಯಮವನ್ನು ಯಾರೂ ಬರೆದಿಲ್ಲ.

ಯೋಧನ ಬದುಕು ಬೇರೆ ಎನ್ನುವಿರಿ. ಹೌದು, ಬೇರೆ. 2016ರಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಮಡಿದವರಲ್ಲಿ ನಮ್ಮ ಎಚ್.ಡಿ. ಕೋಟೆಯ ಹುಡುಗನೂ ಇದ್ದ. ಆ ಎತ್ತರದಲ್ಲಿ ಇದ್ದು ಬಂದವನ ಶ್ವಾಸಕೋಶ, ಹೆಪ್ಪುಗಟ್ಟಿ ಕತ್ತರಿಸಿದ ಬೆರಳು, ಇವಕ್ಕೆ ಮರುಮಾತಿಲ್ಲದೆ ಕೊಡಬೇಕು. ಪ್ರಶ್ನೆ ಏನೆಂದರೆ, ಊಹೆಯ ನಿಯಮದಿಂದ ಹಣ ಅವನ ಕಡೆಗೇ ಹರಿಯುತ್ತಿದೆಯೇ? ನಿವೃತ್ತರಾಗುವ ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಜವಾನರಲ್ಲಿನ ಪ್ರಮಾಣಕ್ಕಿಂತ ಎರಡು ಪಟ್ಟು ಹೆಚ್ಚು ಎಂಬುದು ಸಿಎಜಿ ಲೆಕ್ಕಪರಿಶೋಧನೆಯಲ್ಲೇ ಕಂಡಿದೆ. ಕಂದಕದಲ್ಲಿ ಮಲಗುವವನಿಗಿಂತ ಕಚೇರಿಯಲ್ಲಿ ಕೂರುವವನಿಗೆ ಸೇವೆ ಹೆಚ್ಚು ಕಾಯಿಲೆ ತಂದಿತೇ? ಬಡ್ತಿ ಸಿಗುವ ತನಕ ಗಟ್ಟಿಮುಟ್ಟಾಗಿದ್ದವರಿಗೆ ನಿವೃತ್ತಿಯ ಹೊಸ್ತಿಲಲ್ಲಿ ಬಿಪಿ ಕಾಣಿಸಿಕೊಳ್ಳುತ್ತದೆ ಎಂಬ ಗೊಣಗಾಟ ಸಮವಸ್ತ್ರದವರ ನಡುವೆಯೇ ಇದೆ.

ಮೇಷ್ಟ್ರು 7,500ರ ಲೆಕ್ಕ ಕೊಟ್ಟರು. ಅದೇ ಲೆಕ್ಕವನ್ನು ಮೇಲಕ್ಕೆ ಒಯ್ಯಿರಿ: ಕೊನೆಯ ವೇತನ ಎರಡು ಲಕ್ಷವಿದ್ದ ಅಧಿಕಾರಿಗೆ ಅದೇ ಬಿಪಿ, ಅದೇ ಶೇಕಡಾವಾರು ವೈಕಲ್ಯಕ್ಕೆ ತಿಂಗಳಿಗೆ 30,000. ಏಳನೇ ವೇತನ ಆಯೋಗ ಇದನ್ನು ಬದಲಿಸಲು ಹೊರಟಿತ್ತು. ನೂರರಷ್ಟು ವೈಕಲ್ಯಕ್ಕೆ ಅಧಿಕಾರಿಗೆ 27,000, ಅಧಿಕಾರಿ-ಜವಾನರ ನಡುವಿನ ಹುದ್ದೆಯ ಜೆಸಿಒಗೆ 17,000, ಜವಾನನಿಗೆ 12,000 ಎಂದು ನಿಗದಿ ಮಾಡಿ ಎಂದಿತು. ನನ್ನನ್ನು ಕೇಳಿದರೆ ಮೂವರಿಗೂ ಒಂದೇ ಮೊತ್ತ ಇರಬೇಕಿತ್ತು, ಕಾಲು ಹೋದವನಿಗೆ ಹುದ್ದೆಯ ಮೇಲೆ ನೋವು ಹೆಚ್ಚುಕಡಿಮೆಯಾಗುವುದಿಲ್ಲ. ಪ್ರತಿಭಟನೆ ಎದ್ದಿತು, ಶೇಕಡಾವಾರು ಪದ್ಧತಿಯೇ ಉಳಿಯಿತು.

ಅತ್ತ ಅಗ್ನಿವೀರನ ಸ್ಥಿತಿ ನೋಡಿ. 2022ರಲ್ಲಿ ಬಂದ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಹೊರಬರುವವನಿಗೆ ಪಿಂಚಣಿಯಿಲ್ಲ. ಸೇವೆಯಿಂದಾದ ವೈಕಲ್ಯಕ್ಕೆ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ ರೂಪಾಯಿಯ ಒಂದು ಕಂತು, ತಿಂಗಳ ಪಿಂಚಣಿ ಇಲ್ಲ. ಇಪ್ಪತ್ತೆರಡರ ಹುಡುಗ ಗಾಲಿಕುರ್ಚಿಯಲ್ಲಿ ಐವತ್ತು ವರ್ಷ ಬದುಕಬೇಕು. ಐವತ್ನಾಲ್ಕರಲ್ಲಿ ನಿವೃತ್ತರಾದವರ ಸಕ್ಕರೆ ಕಾಯಿಲೆಗೆ ಆಜೀವ ತಿಂಗಳ ಮೊತ್ತ ಹೋಗುವಾಗ ಈ ಹುಡುಗನಿಗೆ ಮಾಸಿಕ ಪಿಂಚಣಿ ಏಕಿಲ್ಲ ಎಂದು ಕೇಳಲು ನಮಗೆ ಬಾಯಿ ಬರಬೇಕು.

ಕಾಯಿಲೆಯವರನ್ನು ಕೈಬಿಡಿ ಎನ್ನುತ್ತಿಲ್ಲ. ಅವರಿಗೆ ಬೇಕಿರುವುದು ಚಿಕಿತ್ಸೆ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಅದರ ಪಾಲಿಕ್ಲಿನಿಕ್ ಮೈಸೂರಿನಲ್ಲೂ ಇದೆ. ಔಷಧಿ ದಾಸ್ತಾನು, ಖಾಸಗಿ ಆಸ್ಪತ್ರೆಗಳ ಬಾಕಿ ಬಿಲ್ಲು ಇವನ್ನು ಸರಿಪಡಿಸಿದರೆ ಶುಗರ್ ಇರುವ ಮಾಜಿ ಸೈನಿಕನಿಗೆ ಕೋರ್ಟಿನ ತೀರ್ಪಿಗಿಂತ ಹೆಚ್ಚು ಉಪಕಾರವಾಗುತ್ತದೆ.

ರುಜುವಾತಿನ ಜಗಳಕ್ಕೂ ಹಳೆಯ ದಾರಿಯೊಂದು ಇದೆ. 2025ರ ತನಕ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಯಾವ ಕೆಲಸಕ್ಕೆ ಯಾವ ರೋಗ ಎಂಬ ಪಟ್ಟಿ ಇತ್ತು. ಸದ್ದಿನಿಂದ ಬರುವ ಕಿವುಡು ಅದರಲ್ಲಿತ್ತು. ಪಟ್ಟಿಯಲ್ಲಿರುವ ಕೆಲಸವನ್ನು ನಿಗದಿತ ಅವಧಿ ಮಾಡಿದವನಿಗೆ ಆ ರೋಗ ಬಂದರೆ ಕೆಲಸದಿಂದಲೇ ಬಂತೆಂದು ಹಿಡಿಯಬೇಕಿತ್ತು, ಅಲ್ಲವೆನ್ನುವ ಮಾಲೀಕ ಸಾಬೀತು ಮಾಡಬೇಕಿತ್ತು. ಸೇನೆಗೂ ಅಂಥದ್ದೊಂದು ಪಟ್ಟಿ ಮಾಡಿ: ಫಿರಂಗಿಯವನಿಗೆ ಕಿವಿ, ಹಿಮಗಡಿಯವನಿಗೆ ಶ್ವಾಸಕೋಶ ಮತ್ತು ಹೃದಯ, ಪ್ಯಾರಾಚೂಟಿನಲ್ಲಿ ಧುಮುಕುವವನಿಗೆ ಮಂಡಿ ಮತ್ತು ಬೆನ್ನು, ಗುಂಡಿನ ಕಾಳಗ ಕಂಡವನಿಗೆ ಮನಸ್ಸು. ಆ ಪಟ್ಟಿಯಲ್ಲಿದ್ದವರು ಅರ್ಜಿ ಹಿಡಿದು ಮೇಷ್ಟ್ರ ಮನೆಗೆ ಬರುವ ಅಗತ್ಯವೇ ಇರಬಾರದು. ಪಟ್ಟಿಯ ಹೊರಗಿನ ಬಿಪಿ, ಶುಗರ್‌ಗಳಿಗೆ ಮಾತ್ರೆ ಉಚಿತವಾಗಿ ಕೊಡಿ, ಪಿಂಚಣಿ ಬೇಡ.