ರೂಗರ್‌ನ 1911, ಮೈಸೂರಿನ ಜಾವಾ: ಹಳೇ ಅಳತೆಗೆ ಕೈ ಹಾಕುವ ಬಗೆ

ಹಳೆಯ ಜಾವಾ ಬೈಕಿನಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಜಾವಾ ಹೆಸರು ಮರಳಿ ಬಂತು. ಆಗ ಬಂದದ್ದು 293 ಸಿಸಿಯ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಟ್ಯಾಂಕಿನ ಆಕಾರದಲ್ಲಿ ಹಳೆಯ ನೆನಪಿದೆ, ಆದರೆ ಅದರ ಪಿಸ್ಟನ್ನಾಗಲಿ ಕ್ಲಚ್ ಪ್ಲೇಟಾಗಲಿ ಹಳೆಯ 250ಕ್ಕೆ ಕೂರುವುದಿಲ್ಲ. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಟೂ ಸ್ಟ್ರೋಕನ್ನೇ ಮತ್ತೆ ಮಾಡುವಂತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಹೆಸರನ್ನು ತಂದು ಅಳತೆಯನ್ನು ಬಿಟ್ಟ ಹಾಗಾಯಿತು.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಸಿಗುತ್ತದೆ. ಅಲ್ಲಿನ ಸೈನ್ಯ ಬಳಸಿದ '1911' ಎಂಬ ಪಿಸ್ತೂಲಿಗೆ 2011ರಲ್ಲಿ ನೂರು ತುಂಬಿತು. ಅದೇ ವರ್ಷ ರೂಗರ್ ಕಂಪನಿ 'ಎಸ್‌ಆರ್1911' ಎಂಬ ಹೆಸರಿನಲ್ಲಿ ತನ್ನದೊಂದನ್ನು ಮಾರುಕಟ್ಟೆಗೆ ತಂದು 799 ಡಾಲರ್ ಬೆಲೆ ಇಟ್ಟಿತು. 1949ರಿಂದ ಬಂದೂಕು ಮಾಡುತ್ತ ಬಂದ ಮನೆತನ ಅದು. ಅಷ್ಟು ಹೊತ್ತಿಗೆ ಈ ಅಂಗಳದಲ್ಲಿ ಕಾಲಿಡಲು ಜಾಗವೇ ಇರಲಿಲ್ಲ. ಸ್ಪ್ರಿಂಗ್‌ಫೀಲ್ಡ್ 1985ರಿಂದಲೇ ಇತ್ತು, ಕಿಂಬರ್ ತೊಂಬತ್ತರ ದಶಕದಲ್ಲಿ ಬಂದಿತ್ತು, ಸ್ಮಿತ್ ಅಂಡ್ ವೆಸನ್ 2003ರಲ್ಲಿ, ಸಿಗ್ ಸಾವರ್ ಮರುವರ್ಷ, ರೆಮಿಂಗ್ಟನ್ 2010ರಲ್ಲಿ. ಫಿಲಿಪ್ಪೀನ್ಸ್‌ನಿಂದ ಬರುವ ಅಗ್ಗದ ಮಾಲು ಬೇರೆ. ಇಷ್ಟು ತಡವಾಗಿ ಬಂದವರು ಏನಾದರೂ ಹೊಸದನ್ನು ಅಂಟಿಸಿ ಗಮನ ಸೆಳೆಯಲು ನೋಡುತ್ತಾರೆ. ರೂಗರ್ ಹಾಗೆ ಮಾಡಲಿಲ್ಲ. ಅದೇ ಅದರ ದೊಡ್ಡತನ ಎಂದು ನನಗನಿಸುತ್ತದೆ.

ಈ ಪಿಸ್ತೂಲಿನ ಅಳತೆ ಒಬ್ಬರ ಸ್ವತ್ತಲ್ಲ. ಅದನ್ನು ರೂಪಿಸಿದ ಜಾನ್ ಬ್ರೌನಿಂಗ್‌ಗೆ ಪೇಟೆಂಟ್ ಸಿಕ್ಕಿದ್ದು 1911ರ ಫೆಬ್ರವರಿ 14ರಂದು, ಅಮೆರಿಕದ ಸೈನ್ಯ ಅದನ್ನು ಒಪ್ಪಿದ್ದು ಮಾರ್ಚ್ 29ರಂದು. ಪೇಟೆಂಟಿನ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್, ಹೊಲಿಗೆ ಯಂತ್ರದ ಸಿಂಗರ್, ಎಲ್ಲರೂ ಇದನ್ನು ಮಾಡಿದರು. ಒಬ್ಬರ ಸ್ಲೈಡು (ಹಿಂದೆ ಮುಂದೆ ಓಡುವ ಮೇಲ್ಭಾಗ) ಇನ್ನೊಬ್ಬರ ಫ್ರೇಮಿಗೆ (ಹಿಡಿಯಿರುವ ಕೆಳಭಾಗ) ಕೂರಲೇಬೇಕು ಎಂಬುದು ಸೈನ್ಯದ ಷರತ್ತು. ಹಾಗಾಗಿ ಅದರ ನಕ್ಷೆ ಊರ ಬಾವಿಯಿದ್ದ ಹಾಗೆ, ಯಾರು ಬೇಕಾದರೂ ಸೇದಿಕೊಳ್ಳಬಹುದು. ಬಾವಿಯ ಕಟ್ಟೆಯನ್ನು ಮಾತ್ರ ಒಡೆಯಬಾರದು.

ರೂಗರ್ ಬದಲಿಸಿದ್ದು ಕೆಲವೇ ಕಡೆ, ಅದೂ ಹಳೆಯ ವಿನ್ಯಾಸ ನಿಜವಾಗಿ ಕೈಕೊಡುತ್ತಿದ್ದ ಜಾಗಗಳಲ್ಲಿ. ಫ್ರೇಮಿನ ಎಡಬದಿಯಲ್ಲಿ, ಹಿಡಿಯ ಪಟ್ಟಿಯ ಮೇಲಂಚಿಗೆ ಒಂದು ಸಣ್ಣ ಕೊಳವೆಯಿದೆ. ಅದರೊಳಗೆ ಒಂದು ಸ್ಪ್ರಿಂಗು, ಅದರ ಎರಡು ತುದಿಗೆ ಎರಡು ಪಿನ್ನು. ಮುಂದಿನ ಪಿನ್ನು ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪನ್ನೂ, ಹಿಂದಿನದು ಗುಂಡು ಹಾರದಂತೆ ತಡೆಯುವ ಹೆಬ್ಬೆರಳಿನ ಸೇಫ್ಟಿಯನ್ನೂ ಅದರದರ ಜಾಗದಲ್ಲಿ ಹಿಡಿದಿಡುತ್ತವೆ. ಹಳೆಯ ಪದ್ಧತಿಯಲ್ಲಿ ಈ ಕೊಳವೆಯನ್ನು ಬೇರೆಯಾಗಿ ಮಾಡಿ, ಅದರ ಎರಡು ಕಾಲುಗಳನ್ನು ಫ್ರೇಮಿನ ತೂತಿಗೆ ಹಾಕಿ ಒಳಗಿನಿಂದ ಬಡಿದು ಅಗಲಿಸುತ್ತಾರೆ. ಸಾವಿರಾರು ಈಡು ಹೊಡೆದ ಮೇಲೆ ಅದು ಸಡಿಲವಾಗುತ್ತದೆ. ತೆಳ್ಳನೆಯ ಹಿಡಿಪಟ್ಟಿ ಹಾಕಿದ್ದರಂತೂ ಕೊಳವೆಗೆ ಆಸರೆಯೇ ಇರುವುದಿಲ್ಲ. ಅದು ಹೊರಕ್ಕೆ ವಾಲಿದರೆ ಸೇಫ್ಟಿ ಕೆಳಗಿಳಿಯದೆ ಸಿಕ್ಕಿಕೊಳ್ಳಬಹುದು, ಇಲ್ಲವೇ ತಾನಾಗಿ ಸರಿಯಬಹುದು. ರೂಗರ್ ಈ ಕೊಳವೆಯನ್ನು ಫ್ರೇಮಿನ ಜೊತೆಗೇ ಒಂದೇ ಎರಕದಲ್ಲಿ ತೆಗೆಯಿತು.

ಎರಕ ಅದರ ಮನೆವಿದ್ಯೆ. ನ್ಯೂ ಹ್ಯಾಂಪ್‌ಶೈರ್‌ನ ನ್ಯೂಪೋರ್ಟಿನಲ್ಲಿ ಅದಕ್ಕೆ ಪೈನ್ ಟ್ರೀ ಎಂಬ ಸ್ವಂತ ಎರಕದ ಮನೆಯಿದೆ. ನಮ್ಮಲ್ಲಿ ಪಂಚಲೋಹದ ಮೂರ್ತಿ ಎರೆಯುವವರ ವಿಧಾನವೇ ಇದು: ಮೊದಲು ಮೇಣದ ರೂಪ, ಅದರ ಮೇಲೆ ಪದರ ಪದರವಾಗಿ ಲೇಪ, ಕಾಸಿದಾಗ ಮೇಣ ಕರಗಿ ಹೊರಕ್ಕೆ, ಖಾಲಿಯಾದ ಜಾಗಕ್ಕೆ ಲೋಹ. ಉಕ್ಕು ತಣಿಯುವಾಗ ಕುಗ್ಗುವುದರಿಂದ ಮೇಣದ ರೂಪವನ್ನು ಆ ಲೆಕ್ಕ ಹಿಡಿದು ತುಸು ದೊಡ್ಡದಾಗಿ ಮಾಡುತ್ತಾರೆ. ಆಮೇಲೆ ಸ್ಲೈಡು ಓಡುವ ಹಳಿ, ಪಿನ್ನಿನ ತೂತುಗಳಂಥ ನಿಖರ ಜಾಗಗಳನ್ನು ಯಂತ್ರದಲ್ಲಿ ಕೊರೆಯುತ್ತಾರೆ. ಎರಕದ ಫ್ರೇಮು ಕುಲುಮೆಯಲ್ಲಿ ಬಡಿದದ್ದಕ್ಕಿಂತ ಕೀಳು ಎನ್ನುವವರು ಈಗಲೂ ಇದ್ದಾರೆ. ಐವತ್ತರ ದಶಕದಿಂದ ಎರಕದ ಫ್ರೇಮಿನ ರಿವಾಲ್ವರುಗಳಲ್ಲಿ ಭಾರಿ ತೋಟಾ ಹಾರಿಸಿದ ಕಂಪನಿಯ ಮಟ್ಟಿಗೆ ಆ ಮಾತು ಸಲ್ಲುವುದಿಲ್ಲ. ಒಂದು ಕೊರತೆ ಮಾತ್ರ ನಿಜ. ಏಟು ಬಿದ್ದು ಆ ಕೊಳವೆ ನಜ್ಜಾದರೆ ಅದನ್ನಷ್ಟೇ ಕಿತ್ತು ಬೇರೆಯದನ್ನು ಹಾಕುವಂತಿಲ್ಲ.

ಎರಡನೆಯದು ಫೈರಿಂಗ್ ಪಿನ್, ಅಂದರೆ ತೋಟಾದ ಹಿಂಬದಿಗೆ ಬಡಿದು ಅದನ್ನು ಹಾರಿಸುವ ಕಡ್ಡಿ. ಪಿಸ್ತೂಲು ಮೂತಿ ಕೆಳಗಾಗಿ ನೆಲಕ್ಕೆ ಬಿದ್ದರೆ ಭಾರದ ಉಕ್ಕಿನ ಪಿನ್ನು ತನ್ನ ವೇಗದಲ್ಲೇ ಮುಂದೆ ನುಗ್ಗಿ ತೋಟಾಕ್ಕೆ ಬಡಿಯಬಹುದು. ಕೋಲ್ಟ್ ಕಂಪನಿ 1983ರಲ್ಲಿ ಇದಕ್ಕೆ ಸ್ಲೈಡಿನೊಳಗೆ ಒಂದು ತಡೆ ಇಟ್ಟಿತು, ಟ್ರಿಗರ್ ಎಳೆದಾಗ ಸನ್ನೆಗಳು ಅದನ್ನು ಮೇಲೆತ್ತುತ್ತವೆ. ಬಿಡಿಭಾಗ ಹೆಚ್ಚಿದವು, ಟ್ರಿಗರಿನ ನಯ ತುಸು ಕೆಟ್ಟಿತು. ರೂಗರ್ ಹಗುರವಾದ ಟೈಟಾನಿಯಂ ಪಿನ್ನು, ಗಟ್ಟಿ ಸ್ಪ್ರಿಂಗು ಹಾಕಿ ಆ ತಡೆಯನ್ನು ಕೈಬಿಟ್ಟಿತು. ಆದ್ದರಿಂದ ಇದಕ್ಕೆ ಹಳೆಯ ಉಕ್ಕಿನ ಪಿನ್ನನ್ನೋ ಮೆತ್ತನೆಯ ಸ್ಪ್ರಿಂಗನ್ನೋ ಹಾಕಲೇಬಾರದು. ಹಾಕಿದರೆ ಬಿದ್ದಾಗಿನ ರಕ್ಷಣೆ ಹೋಯಿತೆಂದೇ ಲೆಕ್ಕ.

ಎಕ್ಸ್‌ಟ್ರ್ಯಾಕ್ಟರನ್ನು ಮಾತ್ರ ರೂಗರ್ ಮುಟ್ಟಲಿಲ್ಲ, ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಖಾಲಿ ತೋಟಾವನ್ನು ಹಿಂದಕ್ಕೆಳೆಯುವ ಈ ಕೊಕ್ಕೆ 1911ರಲ್ಲಿ ಸ್ಲೈಡಿನೊಳಗೆ ಉದ್ದಕ್ಕೆ ಕೂರುವ ಒಂದೇ ಉಕ್ಕಿನ ಕಡ್ಡಿ. ಅದರ ಸಣ್ಣ ಬಾಗೇ ಅದರ ಬಿಗಿ. ಸ್ಮಿತ್ ಅಂಡ್ ವೆಸನ್, ಸಿಗ್ ಇಬ್ಬರೂ ಅದನ್ನು ಹೊರಬದಿಗೆ ತಂದು ಬೇರೆ ಸ್ಪ್ರಿಂಗು ಕೊಟ್ಟರು. ಕಿಂಬರ್ ಕೂಡ ಹೊರಗಿಟ್ಟು ನೋಡಿ ಮತ್ತೆ ಒಳಕ್ಕೇ ಮರಳಿತು. ಒಳಗಿನ ಕೊಕ್ಕೆಯ ಬಿಗಿ ನೋಡಲು ಸ್ಲೈಡನ್ನು ಬಿಚ್ಚಿ, ನಳಿಗೆ ತೆಗೆದು, ಮದ್ದಿಲ್ಲದ ಡಮ್ಮಿ ತೋಟಾದ ಅಂಚನ್ನು ಕೊಕ್ಕೆಯ ಕೆಳಗೆ ಜಾರಿಸಿ. ಮೆಲ್ಲಗೆ ಅಲುಗಿಸಿದರೆ ಅದು ನಿಲ್ಲಬೇಕು, ಜೋರಾಗಿ ಕೊಡವಿದರೆ ಬೀಳಬೇಕು. ಮೊದಲೇ ಬಿದ್ದರೆ ಬಿಗಿ ಸಾಲದು, ಖಾಲಿ ತೋಟಾ ಹೊರಬೀಳದೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಡವಿದರೂ ಬೀಳದಿದ್ದರೆ ಬಿಗಿ ಅತಿಯಾಯಿತು, ಹೊಸ ತೋಟಾ ಪೂರ್ತಿ ಏರದೆ ಸ್ಲೈಡು ಅರ್ಧಕ್ಕೇ ನಿಲ್ಲುತ್ತದೆ. ಈ ಬಿಗಿ ಕೆಡುವುದಕ್ಕೆ ಮುಖ್ಯ ಕಾರಣ ಬಳಸುವವರ ಒಂದು ಚಾಳಿ. ನಳಿಗೆಗೆ ಕೈಯಲ್ಲೇ ಒಂದು ತೋಟಾ ಹಾಕಿ ಸ್ಲೈಡನ್ನು ಧಡ್ ಎಂದು ಬಿಟ್ಟರೆ ಕೊಕ್ಕೆ ಅಂಚಿನ ಮೇಲೆ ಹಾರಿ ಕೂರಬೇಕಾಗುತ್ತದೆ. ತೋಟಾ ಮ್ಯಾಗಜೀನಿನಿಂದಲೇ ಮೇಲೇರಿ ಕೊಕ್ಕೆಯ ಅಡಿಗೆ ಜಾರಬೇಕು, ವಿನ್ಯಾಸ ಇರುವುದೇ ಹಾಗೆ.

ಕೊಳ್ಳುವವರು ನೋಡಬೇಕಾದ ಇನ್ನೊಂದು ಜಾಗ ತೋಟಾ ಏರುವ ಇಳಿಜಾರು. ಅದರ ಕೆಳಭಾಗ ಫ್ರೇಮಿನಲ್ಲಿ, ಮೇಲ್ಭಾಗ ನಳಿಗೆಯಲ್ಲಿ. ಇವೆರಡರ ನಡುವೆ ಸುಮಾರು 0.8 ಮಿಲಿಮೀಟರ್ ಮೆಟ್ಟಿಲಿನಂಥ ಸಂದು ಇರಲೇಬೇಕು. ನಳಿಗೆಯ ಅಂಚು ಹಿಂದಕ್ಕೆ, ಫ್ರೇಮಿನ ಇಳಿಜಾರಿನ ಮೇಲೆ ಚಾಚಿದ್ದರೆ ಗುಂಡಿನ ಮೂತಿ ಅದಕ್ಕೆ ತಗಲಿ ನಿಲ್ಲುತ್ತದೆ. ನಯ ಮಾಡುತ್ತೇನೆಂದು ಇಲ್ಲಿ ಉಜ್ಜಿದವರು ಪಿಸ್ತೂಲು ಕೆಡಿಸಿದ್ದೇ ಹೆಚ್ಚು. ಐದಿಂಚಿನ ನಳಿಗೆಗೆ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗು 16 ಪೌಂಡಿನದು ವಾಡಿಕೆ, ಎರಡು ಮೂರು ಸಾವಿರ ಈಡಿಗೊಮ್ಮೆ ಬದಲಿಸಿದರೆ ಫ್ರೇಮಿಗೆ ಬೀಳುವ ಪೆಟ್ಟು ತಪ್ಪುತ್ತದೆ. ಮತ್ತೆ ಜೋಡಿಸುವಾಗ ಸ್ಲೈಡ್ ಸ್ಟಾಪನ್ನು ಕೆಳಗಿನಿಂದ ಕಮಾನಿನ ಹಾಗೆ ತಿರುಗಿಸಿ ಒತ್ತಿದರೆ ಫ್ರೇಮಿನ ಮೇಲೆ ಬಿಲ್ಲಿನಾಕಾರದ ಗೀರು ಬೀಳುತ್ತದೆ, ಒಮ್ಮೆ ಬಿದ್ದದ್ದು ಹೋಗುವುದಿಲ್ಲ. ಒಂದು ತೆಳುವಾದ ಪ್ಲಾಸ್ಟಿಕ್ ಕಾರ್ಡಿನಿಂದ ಕೊಳವೆಯ ಪಿನ್ನನ್ನು ಒಳಕ್ಕೆ ಒತ್ತಿ ಹಿಡಿದರೆ ಸ್ಟಾಪು ನೇರವಾಗಿ ಜಾಗಕ್ಕೆ ಹೋಗುತ್ತದೆ.

ಅಳತೆ ಉಳಿದದ್ದರ ಫಲ ರಿಪೇರಿಯಲ್ಲಿ ಕಾಣುತ್ತದೆ. ಕೊಕ್ಕೆ ಮುರಿದರೆ ಹತ್ತಾರು ಕಂಪನಿಗಳ ಕೊಕ್ಕೆ ಸಿಗುತ್ತವೆ, ಅರಕ್ಕೆ ತುಸು ಕೆಲಸ ಕೊಟ್ಟರೆ ಕೂರುತ್ತವೆ. ಅಮೆರಿಕದ ಕಾನೂನು ಸೀರಿಯಲ್ ನಂಬರಿರುವ ಫ್ರೇಮನ್ನು ಮಾತ್ರ ಪಿಸ್ತೂಲೆಂದು ಎಣಿಸುತ್ತದೆ. ನಮ್ಮ 1959ರ ಆಯುಧ ಕಾಯ್ದೆ ಆಯುಧದ ಬಿಡಿಭಾಗಗಳನ್ನೂ ಆಯುಧವೆಂದೇ ಹೇಳುತ್ತದೆ. ಅದು ಬಿಗಿಯಾಗಿರಲಿ, ನನ್ನ ತಕರಾರಿಲ್ಲ. ಲೈಸೆನ್ಸಿನ ವಿಷಯದಲ್ಲಿ ನಮ್ಮ ಎಚ್ಚರವೇ ನನಗೆ ಮೆಚ್ಚುಗೆ. ತಕರಾರಿರುವುದು ಬೇರೆ ಕಡೆ. ಲೈಸೆನ್ಸ್ ಇರುವವರಿಗೂ, ವಿನಾಯಿತಿ ಇರುವ ಕೊಡಗಿನವರಿಗೂ, ಮನೆಯ ಹಳೇ ಆಯುಧಕ್ಕೆ ಒಂದು ಸ್ಪ್ರಿಂಗು ಬೇಕೆಂದರೆ ಸುಲಭದ ದಾರಿಯಿಲ್ಲ. ಕೈಲ್ ಮುಹೂರ್ತದಲ್ಲಿ ಹೂವೇರಿಸಿ ಪೂಜಿಸುವ ಕೋವಿಗೆ ಬೇರೊಂದರ ಸ್ಪ್ರಿಂಗನ್ನು ಕತ್ತರಿಸಿ ಹಾಕಿದರೆ, ಅದು ಇಟ್ಟುಕೊಂಡವರಿಗೂ ಪಕ್ಕದಲ್ಲಿ ನಿಂತವರಿಗೂ ಅಪಾಯ. ಕಾನ್ಪುರದ .32 ರಿವಾಲ್ವರ್, ಇಶಾಪುರದ .32 ಪಿಸ್ತೂಲುಗಳನ್ನು ಮಾಡುವ ನಮ್ಮ ಸರ್ಕಾರಿ ಕಾರ್ಖಾನೆಗಳು ಸ್ಪ್ರಿಂಗು, ಪಿನ್ನು, ಕೊಕ್ಕೆ ಈ ಮೂರನ್ನಾದರೂ ಒಂದೇ ಅಳತೆಗೆ ನಿಲ್ಲಿಸಿ, ಲೈಸೆನ್ಸ್ ನೋಡಿಯೇ ಪರವಾನಗಿಯುಳ್ಳ ಅಂಗಡಿಗಳಲ್ಲಿ ಸಿಗುವಂತೆ ಮಾಡಬೇಕು.