ಬೋಟ್ಸ್ವಾನಾ ಕಥೆಯನ್ನೂ ಹೇಳಬೇಕಿತ್ತು
‘ಖನಿಜ ಜಾಸ್ತಿ ಇರುವುದೇ ಕಾಂಗೋಗೆ ಶಾಪ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. 1960ರ ಜೂನ್ 30ಕ್ಕೆ ಕಾಂಗೋಗೆ ಬೆಲ್ಜಿಯಂನಿಂದ ಸ್ವಾತಂತ್ರ್ಯ ಸಿಕ್ಕಿತು. ಎರಡು ವಾರ ಕಳೆಯುವ ಮೊದಲೇ ತಾಮ್ರದ ಗಣಿಗಳಿದ್ದ ಕಟಾಂಗ ಪ್ರಾಂತ್ಯ ‘ನಾವು ಬೇರೆ’ ಅಂದಿತು. ಅದರ ಬೆನ್ನಿಗೆ ನಿಂತದ್ದು ಅದೇ ಬೆಲ್ಜಿಯಂ. ಆಮೇಲೆ 1965ರಿಂದ 1997ರವರೆಗೆ ಸರ್ವಾಧಿಕಾರಿ ಮೊಬುಟು ಖಜಾನೆಯನ್ನೇ ಸ್ವಂತ ಜೇಬು ಮಾಡಿಕೊಂಡ.

ಆದರೆ ಬೋಟ್ಸ್ವಾನಾ? 1966ರಲ್ಲಿ ಸ್ವತಂತ್ರವಾದಾಗ ತೀರಾ ಬಡ ದೇಶ. ಮರುವರ್ಷವೇ ವಜ್ರ ಸಿಕ್ಕಿತು. ಮುಂದೆ ಗಣಿ ಕಂಪನಿಯಲ್ಲಿ ಸರ್ಕಾರ ಅರ್ಧ ಪಾಲು ಹಿಡಿಯಿತು. ದುಡ್ಡು ರಸ್ತೆಗೆ, ಶಾಲೆಗೆ ಹೋಯಿತು. (ಈಗ ವಜ್ರದ ಬೆಲೆ ಬಿದ್ದು ಒದ್ದಾಡುತ್ತಿದ್ದಾರೆ, ಅದು ಬೇರೆ ಮಾತು.)

ಸುಮ್ನೆ ಆಫ್ರಿಕಾ ಅಂತ ಯಾಕೆ ದೂರ ಹೋಗಬೇಕು? 2009ರಲ್ಲಿ ಕೆಲಸದ ಮೇಲೆ ಬೆಂಗಳೂರಿನಿಂದ ಸಂಡೂರಿಗೆ ಹೋಗುತ್ತಿದ್ದೆ. ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ರಸ್ತೆ ಬದಿ ಹೋಟೆಲಿನ ಇಡ್ಲಿ ಮೇಲೂ ಕೆಂಪು ದೂಳು. ಜಯನಗರದ ಮನೆಗೆ ಬಂದು ಎರಡು ಸಲ ಒಗೆದರೂ ಶರ್ಟಿನ ಕಾಲರ್ ಬಿಳಿ ಆಗುತ್ತಿರಲಿಲ್ಲ. 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಮುಖ್ಯಮಂತ್ರಿ ಕುರ್ಚಿ ಹೋಯಿತು. ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ತಡವಾಗಿಯಾದರೂ ‘ನಿಲ್ಲಿಸಿ’ ಅನ್ನುವವರು ನಮ್ಮಲ್ಲಿದ್ದರು. ಮೊಬುಟುಗೆ ಹಾಗೆ ಹೇಳುವ ಕೋರ್ಟು ಎಲ್ಲಿತ್ತು?